ಕೊಳವೆಯ ಸುತ್ತಲೂ ತೆರಪಿರಲಿ

ಹೊಸದಾಗಿ ಕಟ್ಟಿದ ಆಸ್ಪತ್ರೆಯನ್ನೋ ಬಹುಮಹಡಿ ವಸತಿ ಸಮುಚ್ಚಯದ ನೆಲಮಾಳಿಗೆಯನ್ನೋ ಹೊಕ್ಕು ತಲೆಯೆತ್ತಿ ನೋಡಿದವರಿಗೆ, ಛಾವಣಿಯ ಅಡಿಯಲ್ಲಿ ಕೆಂಪು ಬಣ್ಣ ಬಳಿದ ಕಬ್ಬಿಣದ ಕೊಳವೆಗಳು ಸಾಲುಸಾಲಾಗಿ ಹರಿದಿರುವುದು ಕಾಣುತ್ತದೆ. ಆ ಕೊಳವೆಗಳಿಂದ ಅಲ್ಲಲ್ಲಿ ಇಳಿಬಿದ್ದಿರುವ ಪುಟ್ಟ ಲೋಹದ ಹೆಡ್ಡುಗಳೇ ಸ್ಪ್ರಿಂಕ್ಲರುಗಳು. ಬೆಂಕಿ ಬಿದ್ದಾಗ ಅವು ನೀರು ಚಿಮುಕಿಸುತ್ತವೆಂಬುದನ್ನು ಎಲ್ಲರೂ ಬಲ್ಲರು. ಆದರೆ ಆ ಕೊಳವೆಗೂ ಅದರ ನೆರೆಯಲ್ಲಿರುವ ಗಾಳಿಯ ಡಕ್ಟು, ವಿದ್ಯುತ್ ಕೇಬಲ್ಲಿನ ಟ್ರೇ, ಗೋಡೆ, ತೊಲೆ, ಫಾಲ್ಸ್ ಸೀಲಿಂಗುಗಳಿಗೂ ನಡುವೆ ಬಿಡಬೇಕಾದ ತೆರಪಿನ ವಿಷಯವನ್ನು ಬಹಳ ಜನ ಅರಿಯರು. ಅರಿತವರೂ ಅದನ್ನು ಗುತ್ತಿಗೆದಾರರ ಪಾಲಿಗೆ ಬಿಟ್ಟು ಸುಮ್ಮನಾಗುತ್ತಾರೆ.

ಈ ತಿಂಗಳು ನಾವು ಆ ತೆರಪನ್ನು ಕುರಿತೇ ಬರೆಯಬಯಸುತ್ತೇವೆ. ಕುಟುಂಬದ ಪತ್ರಿಕೆಯಲ್ಲಿ ಕೊಳವೆಯ ಮಾತೇಕೆ ಎಂದು ಕೆಲವರಿಗೆ ಅನಿಸೀತು. ನಮ್ಮ ವಾಚಕರಲ್ಲಿ ಅನೇಕರು ಇಂದು ಅಪಾರ್ಟ್‌ಮೆಂಟುಗಳಲ್ಲಿ ಸಂಸಾರ ಹೂಡಿದ್ದಾರೆ. ಇನ್ನೂ ಕೆಲವರು ಸಮಾಜದ ವಿದ್ಯಾರ್ಥಿನಿಲಯ, ಕಲ್ಯಾಣಮಂಟಪ, ಆಸ್ಪತ್ರೆಗಳ ಕಟ್ಟಡ ಸಮಿತಿಗಳಲ್ಲಿ ಕುಳಿತು ಲಕ್ಷಗಟ್ಟಲೆ ರೂಪಾಯಿಯ ಬಿಲ್ಲುಗಳಿಗೆ ಸಹಿ ಹಾಕುತ್ತಿದ್ದಾರೆ. ಸಹಿ ಹಾಕುವ ಕೈಗೆ ಈ ವಿಷಯ ತಿಳಿದಿರಬೇಕೆಂಬುದು ನಮ್ಮ ಅಭಿಪ್ರಾಯ.

ಸ್ಪ್ರಿಂಕ್ಲರು ಹೊಸ ವಸ್ತುವೇನಲ್ಲ. ಅಮೆರಿಕದ ನ್ಯೂ ಹೇವನ್ ಪಟ್ಟಣದಲ್ಲಿ ಪಿಯಾನೋ ಕಾರ್ಖಾನೆ ನಡೆಸುತ್ತಿದ್ದ ಹೆನ್ರಿ ಪಾರ್ಮಲಿ ಎಂಬವರು ತಮ್ಮ ಕಾರ್ಖಾನೆಯ ರಕ್ಷಣೆಗೆಂದು ೧೮೭೪ರಲ್ಲಿಯೇ ಇದನ್ನು ಬಳಕೆಗೆ ತಂದರು. ಈಗಿನ ಹೆಡ್ಡುಗಳ ಬಾಯಿಯನ್ನು ಸಾಮಾನ್ಯವಾಗಿ ದ್ರವ ತುಂಬಿದ ಸಣ್ಣ ಗಾಜಿನ ಬುರುಡೆಯೊಂದು ಒತ್ತಿ ಹಿಡಿದಿರುತ್ತದೆ. ಬುರುಡೆಯ ದ್ರವ ಕೆಂಪಾಗಿದ್ದರೆ ಅದು ೬೮ ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡೆಯತಕ್ಕದ್ದು. ಒಡೆದೊಡನೆ ನೀರು ಹೊರಕ್ಕೆ ನುಗ್ಗಿ, ಕೆಳಗಿನ ಹಲ್ಲುಹಲ್ಲಾದ ತಟ್ಟೆಗೆ ಬಡಿದು ಕೊಡೆಯಂತೆ ಹರಡುತ್ತದೆ. ಚಲನಚಿತ್ರಗಳಲ್ಲಿ ತೋರಿಸುವಂತೆ ಎಲ್ಲ ಹೆಡ್ಡುಗಳೂ ಒಮ್ಮೆಲೇ ಸುರಿಯುವುದಿಲ್ಲ. ಯಾವುದಕ್ಕೆ ಶಾಖ ತಟ್ಟಿತೋ ಅದು ಮಾತ್ರ ತೆರೆಯುತ್ತದೆ. ವಾಚಕರು ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಈ ಕೊಳವೆಗಳಲ್ಲಿ ಹಗಲೂ ರಾತ್ರಿಯೂ ಒತ್ತಡದ ನೀರು ನಿಂತೇ ಇರುತ್ತದೆ. ಸಾಧಾರಣ ಗಾತ್ರದ ಹೆಡ್ಡೊಂದು ಹತ್ತು ಮೀಟರು ಎತ್ತರದ ತೊಟ್ಟಿಯಷ್ಟು ಒತ್ತಡವಿದ್ದರೆ ನಿಮಿಷಕ್ಕೆ ಸುಮಾರು ೮೦ ಲೀಟರು ನೀರನ್ನು ಸುರಿಸುತ್ತದೆ. ಎಂದರೆ ನಿಮಿಷಕ್ಕೆ ಐದು ಕೊಡಕ್ಕೂ ಹೆಚ್ಚು. ಬೆಂಕಿಯ ಮೇಲೆ ಬಿದ್ದರೆ ಅದು ಜೀವರಕ್ಷಕ. ಬೆಂಕಿಯೇ ಇಲ್ಲದಾಗ ಹೆಡ್ಡು ಮುರಿದು ಸುರಿದರೆ ಏನಾದೀತೆಂಬುದಕ್ಕೆ ಒಂದು ಆಸ್ಪತ್ರೆಯ ಕಥೆಯನ್ನು ಹೇಳಬೇಕು.

ಲಾಸ್ ಏಂಜಲೀಸ್ ನಗರದ ಉತ್ತರದಂಚಿನಲ್ಲಿ ಸಿಲ್ಮಾರ್ ಎಂಬ ಬಡಾವಣೆಯಿದೆ. ಅಲ್ಲಿನ ಆಲಿವ್ ವ್ಯೂ ಎಂಬ ಸಾರ್ವಜನಿಕ ಆಸ್ಪತ್ರೆಯ ಹೊಸ ಕಟ್ಟಡ ಸಿದ್ಧವಾಗಿ ಕೆಲವೇ ತಿಂಗಳುಗಳಾಗಿದ್ದವು. ೧೯೭೧ರ ಫೆಬ್ರವರಿ ೯ರಂದು ಆ ಪ್ರದೇಶದಲ್ಲಿ ಭೂಮಿ ಕಂಪಿಸಿತು. ಆಸ್ಪತ್ರೆಯ ಕಂಬಗಳು ಜಖಂಗೊಂಡವು, ಮೆಟ್ಟಿಲ ಗೋಪುರಗಳು ಮುಖ್ಯ ಕಟ್ಟಡದಿಂದ ಕಳಚಿ ಉರುಳಿದವು, ಮೂವರು ಅಲ್ಲಿ ಪ್ರಾಣ ಬಿಟ್ಟರು. ಕಟ್ಟಡವನ್ನು ಕೆಡವದೆ ಗತಿಯಿರಲಿಲ್ಲ. ಆ ರಾಜ್ಯದವರು ಎಚ್ಚೆತ್ತು, ಭೂಕಂಪದ ನಂತರವೂ ಆಸ್ಪತ್ರೆಗಳು ಕೆಲಸ ಮಾಡುವಂತಿರಬೇಕೆಂದು ೧೯೭೩ರಲ್ಲಿ ಕಾನೂನು ಮಾಡಿದರು. ಅದೇ ಸ್ಥಳದಲ್ಲಿ ಆರು ಅಂತಸ್ತುಗಳ ಹೊಸ ಆಸ್ಪತ್ರೆ ಎದ್ದಿತು. ಕೆಳಗಿನ ಅಂತಸ್ತುಗಳಿಗೆ ಕಾಂಕ್ರೀಟಿನ ಗಟ್ಟಿ ಗೋಡೆಗಳು, ಮೇಲಿನವುಗಳಿಗೆ ಉಕ್ಕಿನ ಹಲಗೆಯ ಗೋಡೆಗಳು. ೧೯೮೭ರಲ್ಲಿ ಅದು ರೋಗಿಗಳಿಗೆ ತೆರೆಯಿತು.

೧೯೯೪ರ ಜನವರಿ ೧೭ರ ನಸುಕಿನಲ್ಲಿ, ನಾಲ್ಕೂವರೆ ಗಂಟೆಯ ಸುಮಾರಿಗೆ, ನಾರ್ತ್‌ರಿಡ್ಜ್ ಭೂಕಂಪವೆಂದು ಹೆಸರಾದ ೬.೭ ಪ್ರಮಾಣದ ಕಂಪನವುಂಟಾಯಿತು. ಆಸ್ಪತ್ರೆಯಲ್ಲಿಯೇ ಅಳವಡಿಸಿದ್ದ ಯಂತ್ರಗಳು ಅಳೆದಂತೆ, ನೆಲಮಟ್ಟದ ಅಲುಗಾಟದ ವೇಗೋತ್ಕರ್ಷ ಗುರುತ್ವಾಕರ್ಷಣೆಯ ನೂರಕ್ಕೆ ೯೧ರಷ್ಟಿತ್ತು; ಛಾವಣಿಯ ಮಟ್ಟದಲ್ಲಿ ಅದು ಗುರುತ್ವಾಕರ್ಷಣೆಯ ೨.೩ ಪಟ್ಟಾಗಿತ್ತು. ಇಷ್ಟಾದರೂ ಕಟ್ಟಡ ಕದಲಲಿಲ್ಲ. ಇಪ್ಪತ್ತಮೂರು ವರ್ಷಗಳ ಹಿಂದೆ ಕಲಿತ ಪಾಠ ಸಾರ್ಥಕವಾಯಿತೆಂದು ಎಂಜಿನಿಯರುಗಳು ಸಮಾಧಾನಪಡಬೇಕಾಗಿತ್ತು. ಆದರೆ ಛಾವಣಿಯ ಅಡಿಯಲ್ಲಿ ಸ್ಪ್ರಿಂಕ್ಲರಿನ ಕೊಳವೆಗಳೂ ಹವಾನಿಯಂತ್ರಣದ ತಣ್ಣೀರಿನ ಕೊಳವೆಗಳೂ ಒಡೆದಿದ್ದವು. ನೀರು ಸೀಲಿಂಗಿನಿಂದ ಸುರಿದು ಅಂತಸ್ತುಗಳನ್ನು ತೊಯ್ಯಿಸಿತು. ಊರಿಗೆಲ್ಲ ಗಾಯಾಳುಗಳಾದ ಆ ದಿನ, ಯಾವ ಆಸ್ಪತ್ರೆ ಅವರನ್ನು ಬರಮಾಡಿಕೊಳ್ಳಬೇಕಾಗಿತ್ತೋ ಅದು ತನ್ನ ರೋಗಿಗಳನ್ನೇ ಬೇರೆಡೆಗೆ ಸಾಗಿಸಿ ಬಾಗಿಲು ಮುಚ್ಚಬೇಕಾಯಿತು. ಕಂಬ ತೊಲೆಗಳು ಗೆದ್ದವು, ಕೈಬೆರಳ ಗಾತ್ರದ ಕೊಳವೆಯ ತುಂಡುಗಳು ಸೋತವು. ಅದೇ ವರ್ಷ ಆ ರಾಜ್ಯ ತನ್ನ ಕಾನೂನನ್ನು ತಿದ್ದಿ, ಆಸ್ಪತ್ರೆಗಳ ಕೊಳವೆ, ಯಂತ್ರ, ಸೀಲಿಂಗುಗಳ ಭದ್ರತೆಯನ್ನೂ ಅದರೊಳಗೆ ತಂದಿತು.

ಕೊಳವೆಗಳು ಏಕೆ ಒಡೆಯುತ್ತವೆ? ಒಂದೇ ಜಂತೆಗೆ ಎರಡು ತೊಟ್ಟಿಲುಗಳನ್ನು ಕಟ್ಟಿದ್ದೀರೆಂದು ಭಾವಿಸಿ. ಒಂದರ ಹಗ್ಗ ಗಿಡ್ಡ, ಇನ್ನೊಂದರದು ಉದ್ದ. ಎರಡನ್ನೂ ಒಮ್ಮೆಗೇ ತೂಗಿದರೆ ಅವು ಕೂಡಿ ತೂಗುವುದಿಲ್ಲ. ಒಂದು ಮುಂದೆ ಹೋದಾಗ ಇನ್ನೊಂದು ಹಿಂದಿರುತ್ತದೆ. ನಡುವೆ ಜಾಗವಿಲ್ಲದಿದ್ದರೆ ಡಿಕ್ಕಿ ಹೊಡೆಯುತ್ತವೆ. ಛಾವಣಿಗೆ ನೇತುಬಿದ್ದ ವಸ್ತುಗಳ ಸ್ಥಿತಿಯೂ ಇದೇ. ಫಾಲ್ಸ್ ಸೀಲಿಂಗು ತೆಳುವಾದ ತಂತಿಗಳ ಮೇಲೆ ತೂಗುತ್ತದೆ, ತಗಡಿನ ಡಕ್ಟು ತನ್ನದೇ ಪಟ್ಟಿಗಳಲ್ಲಿ ಓಲಾಡುತ್ತದೆ, ಕೇಬಲ್ ಟ್ರೇ ತನ್ನ ಭಾರಕ್ಕೆ ತಕ್ಕಂತೆ ಬೇರೆ ಲಯದಲ್ಲಿ ಅಲುಗುತ್ತದೆ. ಇವುಗಳ ನಡುವೆ ನೀರು ತುಂಬಿದ ದೊಡ್ಡ ಕೊಳವೆ, ಅದರಿಂದ ಕೆಳಗಿಳಿದ ಒಂದಂಗುಲದ ಕಡ್ಡಿಯಂಥ ತುಂಡು, ಅದರ ತುದಿಗೆ ಹೆಡ್ಡು. ಡಕ್ಟಾಗಲಿ ಸೀಲಿಂಗಾಗಲಿ ಬಂದು ಬಡಿದಾಗ ಮುರಿಯುವುದು ಈ ಇಳಿತುಂಡೇ, ಅದೂ ಬಹುಮಟ್ಟಿಗೆ ಅದರ ತಿರುಪಿನ ಬುಡದಲ್ಲಿ. ಬಲವಾದ ಕಬ್ಬಿಣವನ್ನು ಹಾಕಿದರೆ ಸಾಲದೇ ಎಂದು ಕೇಳುವವರುಂಟು. ಬಡಿಯುವ ವಸ್ತು ಅದಕ್ಕಿಂತ ಹತ್ತುಪಟ್ಟು ಭಾರವಾಗಿರುವಾಗ ಕಬ್ಬಿಣದ ದಪ್ಪವನ್ನು ನೆಚ್ಚುವುದಕ್ಕಿಂತ, ಬಡಿಯದಂತೆ ದೂರವಿಡುವುದೇ ಜಾಣತನ.

ಈ ದೂರಕ್ಕೆ ಈಗ ಲೆಕ್ಕವಿದೆ. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘವು ಪ್ರಕಟಿಸುವ ೭ನೆಯ ಸಂಖ್ಯೆಯ ಮಾನದಂಡದ ೨೦೧೬ರ ಆವೃತ್ತಿಯು, ಸ್ಪ್ರಿಂಕ್ಲರಿನ ಇಳಿತುಂಡಿಗಾಗಲಿ ಏರುತುಂಡಿಗಾಗಲಿ ಇತರ ಯಂತ್ರ, ಡಕ್ಟು, ಕೊಳವೆ, ಅವುಗಳ ಆಧಾರಗಳಿಗಾಗಲಿ ಎಲ್ಲ ದಿಕ್ಕಿನಲ್ಲಿಯೂ ಕನಿಷ್ಠ ಮೂರು ಅಂಗುಲ, ಎಂದರೆ ೭೫ ಮಿಲಿಮೀಟರು ತೆರಪು ಇರತಕ್ಕದ್ದೆಂದು ವಿಧಿಸುತ್ತದೆ. ೧೮೯೬ರಲ್ಲಿ ಸ್ಥಾಪಿತವಾದ ಅಲ್ಲಿಯ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ ೧೩ನೆಯ ನಿಯಮಾವಳಿ ಸ್ಪ್ರಿಂಕ್ಲರುಗಳಿಗೆಂದೇ ಮೀಸಲಾದುದು. ಭೂಕಂಪದ ಭಯವಿರುವೆಡೆ ಕೊಳವೆಗೂ ಅದು ತೂರಿಹೋಗದ ತೊಲೆ ಕಂಬಗಳಿಗೂ ನಡುವೆ ಎರಡು ಅಂಗುಲ ಬಿಡಬೇಕೆಂದು ಅದು ಹೇಳುತ್ತದೆ. ಹೆಡ್ಡು ಫಾಲ್ಸ್ ಸೀಲಿಂಗನ್ನು ತೂರಿ ಬರುವಲ್ಲಿಯೂ, ಅಂಥ ಪ್ರದೇಶಗಳಲ್ಲಿ ಸೀಲಿಂಗಿನ ರಂಧ್ರವನ್ನು ಎರಡು ಅಂಗುಲ ದೊಡ್ಡದಾಗಿ ಕೊರೆದು, ಹೆಡ್ಡು ಯಾವ ಕಡೆಗಾದರೂ ಒಂದಂಗುಲ ಸರಿದಾಡಲು ಎಡೆಗೊಡುವುದು ಪದ್ಧತಿ. ಮೇಲೆ ಅಗಲವಾದ ಬಿಲ್ಲೆಯಿಂದ ಮುಚ್ಚಿದರೆ ಅಂದ ಕೆಡದು.

ನಮ್ಮ ಕಡೆ ಭೂಕಂಪವೆಲ್ಲಿ ಬಂತು ಎನ್ನುವವರಿಗೆ ಒಂದು ಮಾತು. ೧೯೯೩ರ ಸೆಪ್ಟೆಂಬರ್ ೩೦ರ ಕಿಲ್ಲಾರಿಯ ಭೂಕಂಪವನ್ನು ಬೀದರ, ಕಲಬುರಗಿಯ ಹಿರಿಯರು ಮರೆತಿರಲಾರರು. ೧೯೬೭ರ ಕೊಯ್ನಾ ಭೂಕಂಪವನ್ನು ಬೆಳಗಾವಿಯ ಕಡೆಯ ವೃದ್ಧರು ಇನ್ನೂ ನೆನೆಯುತ್ತಾರೆ. ಭಾರತೀಯ ಭೂಕಂಪ ಮಾನದಂಡದ ೨೦೧೬ರ ಆವೃತ್ತಿ ಬೆಂಗಳೂರನ್ನು ಎರಡನೆಯ ವಲಯದಲ್ಲಿಯೂ ಬೆಳಗಾವಿ, ಧಾರವಾಡ, ಮಂಗಳೂರುಗಳನ್ನು ಮೂರನೆಯ ವಲಯದಲ್ಲಿಯೂ ಇರಿಸಿತ್ತು. ಕ್ಯಾಲಿಫೋರ್ನಿಯಾದಷ್ಟು ಭಯ ನಮಗಿಲ್ಲ, ನಿಜ. ಆದರೂ ಕೊಳವೆ ಅಲುಗುವುದು ಭೂಕಂಪವೊಂದರಿಂದಲೇ ಅಲ್ಲ. ಪಂಪು ಒಮ್ಮೆಲೇ ಚಾಲೂ ಆದಾಗ ನೀರಿನ ಹೊಡೆತಕ್ಕೆ ಕೊಳವೆ ಜಗ್ಗುತ್ತದೆ. ಹವಾನಿಯಂತ್ರಣ ಯಂತ್ರದ ನಡುಕ ಡಕ್ಟಿನ ಮೂಲಕ ಅದಕ್ಕೆ ತಗಲುತ್ತದೆ. ತಗಡಿನ ಅಂಚು ವರ್ಷಗಟ್ಟಲೆ ಉಜ್ಜಿದರೆ ಬಣ್ಣ ಹೋಗಿ ತುಕ್ಕು ಹಿಡಿಯುವುದು ಖಚಿತ. ಮೂರಂಗುಲದ ತೆರಪು ಇವೆಲ್ಲಕ್ಕೂ ಒಂದೇ ಮದ್ದು.

ಗೋಡೆಯನ್ನು ತೂರಿ ಹೋಗುವ ಕೊಳವೆಯ ವಿಷಯ ಇನ್ನೂ ಸೂಕ್ಷ್ಮವಾದುದು; ಇಲ್ಲಿ ಎರಡು ಧರ್ಮಗಳು ಒಂದಕ್ಕೊಂದು ಎದುರಾಗುತ್ತವೆ. ಅಲುಗಾಟದ ದೃಷ್ಟಿಯಿಂದ ರಂಧ್ರ ದೊಡ್ಡದಿರಬೇಕು. ಮೇಲೆ ಹೇಳಿದ ೧೩ನೆಯ ನಿಯಮಾವಳಿಯ ಪ್ರಕಾರ ಭೂಕಂಪದ ಪ್ರದೇಶಗಳಲ್ಲಿ ಒಂದರಿಂದ ಮೂರೂವರೆ ಅಂಗುಲದ ಕೊಳವೆಗೆ ಅದಕ್ಕಿಂತ ಎರಡು ಅಂಗುಲ ದೊಡ್ಡ ರಂಧ್ರವೂ, ನಾಲ್ಕಂಗುಲ ಮತ್ತು ಅದಕ್ಕೂ ಮೇಲ್ಪಟ್ಟ ಕೊಳವೆಗೆ ನಾಲ್ಕು ಅಂಗುಲ ದೊಡ್ಡ ರಂಧ್ರವೂ ಬೇಕು. ಗೋಡೆಯ ಎರಡೂ ಪಕ್ಕಗಳಲ್ಲಿ ಒಂದಡಿಯೊಳಗೆ ಬಾಗುವ ಜೋಡಣೆಗಳನ್ನು ಹಾಕಿದರೆ ಇದಕ್ಕೆ ವಿನಾಯಿತಿಯುಂಟು. ಇತ್ತ ಬೆಂಕಿಯ ದೃಷ್ಟಿಯಿಂದ ನೋಡಿದರೆ ಗೋಡೆಯಲ್ಲಿ ತೂತೇ ಇರಕೂಡದು, ಏಕೆಂದರೆ ಹೊಗೆಗೆ ಅಂಗುಲದ ಬಿರುಕೂ ಹೆಬ್ಬಾಗಿಲು. ೨೦೧೦ರ ಫೆಬ್ರವರಿ ೨೩ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ ವಿದ್ಯುತ್ ತಂತಿಗಳ ಷಾಫ್ಟಿನಲ್ಲಿ ಕಾಣಿಸಿಕೊಂಡ ಬೆಂಕಿಯ ಹೊಗೆ ಮೇಲಿನ ಅಂತಸ್ತುಗಳಿಗೆ ತುಂಬಿ ಒಂಬತ್ತು ಮಂದಿ ಮೃತಪಟ್ಟದ್ದು ಸ್ಪ್ರಿಂಕ್ಲರಿಗೆ ಸಂಬಂಧಿಸಿದ್ದಲ್ಲವಾದರೂ, ಅಂತಸ್ತಿನಿಂದ ಅಂತಸ್ತಿಗೆ ಹೊಗೆ ಹೇಗೆ ದಾರಿ ಹುಡುಕುತ್ತದೆಂಬುದನ್ನು ನಮಗೆ ತೋರಿಸಿಕೊಟ್ಟಿತು.

ಇದಕ್ಕೆ ಪರಿಹಾರವೆಂದರೆ ರಂಧ್ರವನ್ನು ದೊಡ್ಡದಾಗಿಯೇ ಬಿಟ್ಟು, ಸುತ್ತಲಿನ ತೆರಪನ್ನು ಬೆಂಕಿಗೆ ಜಗ್ಗದ ಆದರೆ ಒತ್ತಿದರೆ ಬಗ್ಗುವ ವಸ್ತುವಿನಿಂದ ತುಂಬುವುದು. ಖನಿಜದ ಉಣ್ಣೆ, ಅದರ ಮೇಲೆ ಬೆಂಕಿ ತಡೆಯುವ ಸೀಲೆಂಟು ಇವು ಪೇಟೆಯಲ್ಲಿ ದೊರೆಯುತ್ತವೆ. ನಮ್ಮ ಮೇಸ್ತ್ರಿಗಳು ಮಾಡುವುದೇನೆಂದರೆ ಒಂದು ಬಾಣಲಿ ಗಾರೆ ಕಲಸಿ ರಂಧ್ರವನ್ನು ಕೊಳವೆಯ ಮೈಗೆ ಅಂಟುವಂತೆ ಮುಚ್ಚಿ, ಮೇಲೆ ನೀಟಾಗಿ ಸುಣ್ಣ ಹೊಡೆದುಬಿಡುವುದು. ನೋಡಲು ಅಚ್ಚುಕಟ್ಟು. ಕೊಳವೆಯ ಕುತ್ತಿಗೆಗೆ ಮಾತ್ರ ಅದು ನೇಣು.

ಹೆಡ್ಡಿನ ಕೆಳಗಿನ ತೆರಪಿಗೂ ಅಷ್ಟೇ ಮಹತ್ವವುಂಟು. ನೀರು ಕೊಡೆಯಂತೆ ಬಿಚ್ಚಿಕೊಳ್ಳಲು ಎಡೆ ಬೇಕಷ್ಟೆ. ಉಗ್ರಾಣದಲ್ಲಿ ಪೇರಿಸಿದ ಸಾಮಾನಿನ ತಲೆಗೂ ಸಾಮಾನ್ಯ ಹೆಡ್ಡಿನ ತಟ್ಟೆಗೂ ನಡುವೆ ಕನಿಷ್ಠ ೧೮ ಅಂಗುಲ ಖಾಲಿ ಇರಬೇಕೆಂಬುದು ಆ ನಿಯಮಾವಳಿಯ ಬಹು ಪ್ರಸಿದ್ಧವಾದ ವಿಧಿ. ಹೆಡ್ಡಿನ ಪಕ್ಕದಲ್ಲಿ ಕಂಬ, ಕೊಳವೆ, ದೀಪದಂಥ ಸಣ್ಣ ಅಡ್ಡಿಯಿದ್ದರೆ ಅದರ ಅಗಲದ ಮೂರು ಪಟ್ಟು ದೂರ ಸರಿಯಬೇಕು. ಅಡ್ಡಿ ನಾಲ್ಕು ಅಂಗುಲವಾದರೆ ಒಂದಡಿ, ಹೀಗೆ ಹೆಚ್ಚೆಂದರೆ ಎರಡಡಿಯವರೆಗೆ. ಡಕ್ಟು ನಾಲ್ಕಡಿಗಿಂತ ಅಗಲವಾಗಿದ್ದರೆ ಮೇಲಿನ ನೀರು ಅದರ ಅಡಿಗೆ ತಲುಪದು, ಆದ್ದರಿಂದ ಡಕ್ಟಿನ ಕೆಳಗೂ ಬೇರೆ ಹೆಡ್ಡುಗಳನ್ನು ಇಳಿಸಬೇಕು. ಕಟ್ಟಡ ಮುಗಿದು ಎರಡು ವರ್ಷಗಳಾದ ಮೇಲೆ ಹೊಸ ಡಕ್ಟು ಎಳೆಸುವವರು ಈ ಕೊನೆಯ ವಿಷಯವನ್ನು ಬಹುಮಟ್ಟಿಗೆ ಮರೆಯುತ್ತಾರೆ.

ಇಷ್ಟೆಲ್ಲ ನಿಯಮಗಳಿದ್ದರೂ ತೆರಪು ಏಕೆ ಉಳಿಯುವುದಿಲ್ಲವೆಂಬುದನ್ನು ನಾವು ಬಲ್ಲ ಕೆಲವು ಎಂಜಿನಿಯರುಗಳೊಡನೆ ಚರ್ಚಿಸಿದ್ದೇವೆ. ಸೀಲಿಂಗಿನ ಮೇಲಣ ಜಾಗ ಕಿರಿದು, ಅದಕ್ಕೆ ವಾರಸುದಾರರು ಬಹಳ. ಡಕ್ಟು ಎಲ್ಲಕ್ಕಿಂತ ದಪ್ಪ. ಅದನ್ನು ತಿರುಗಿಸುವುದು ಕಷ್ಟ. ಕೊಳಚೆ ನೀರಿನ ಕೊಳವೆಗೆ ಇಳಿಜಾರು ಬೇಕೇಬೇಕು, ಅದು ಮೇಲಕ್ಕೇರಲಾರದು. ಸ್ಪ್ರಿಂಕ್ಲರಿನ ನೀರು ಒತ್ತಡದಿಂದ ಹರಿಯುವುದರಿಂದ ಅದರ ಕೊಳವೆಯನ್ನು ಹೇಗೆ ಬೇಕಾದರೂ ಬಳಸಿ ಒಯ್ಯಬಹುದು. ಆದ ಕಾರಣ ಎಲ್ಲರೂ ಕೂಡಿ ಬಾಗೆಂದು ಹೇಳುವುದು ಅದಕ್ಕೇ. ಕೂಡುಕುಟುಂಬದಲ್ಲಿ ಸಾಧುವಾದ ಸೊಸೆಯ ಪಾಡಿನಂತೆ, ಬಾಗಬಲ್ಲುದೇ ಅಡಿಗಡಿಗೆ ಬಾಗಿ ಕೊನೆಗೆ ಡಕ್ಟಿಗೂ ಟ್ರೇಗೂ ನಡುವಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಮೇಲಾಗಿ ನಾವು ಹಣ ಕೊಡುವ ಕ್ರಮವೂ ಹಾಗೆಯೇ ಇದೆ. ಇಷ್ಟು ಮೀಟರು ಕೊಳವೆ, ಇಷ್ಟು ಹೆಡ್ಡು, ಇಷ್ಟು ವಾಲ್ವು ಎಂದು ಅಳತೆಯ ಪುಸ್ತಕದಲ್ಲಿ ಬರೆದು ಬಿಲ್ಲು ಮಾಡುತ್ತೇವೆ. ತೆರಪಿಗೆ ಆ ಪುಸ್ತಕದಲ್ಲಿ ಸಾಲಿಲ್ಲ. ಯಾರೂ ಬೆಲೆ ಕಟ್ಟದ್ದನ್ನು ಯಾರು ಕಾಯುತ್ತಾರೆ?

ಈಗ ದೊಡ್ಡ ಕಟ್ಟಡಗಳ ಎಲ್ಲ ಕೊಳವೆ, ಡಕ್ಟುಗಳನ್ನು ಮೊದಲೇ ಗಣಕಯಂತ್ರದಲ್ಲಿ ಮೂರು ಆಯಾಮಗಳಲ್ಲಿ ಬಿಡಿಸಿ, ಒಂದಕ್ಕೊಂದು ತಾಗುವ ಎಡೆಗಳನ್ನು ಪತ್ತೆ ಹಚ್ಚುತ್ತಾರೆ. ಆ ಯಂತ್ರಕ್ಕೆ ಬರಿಯ ತಾಗುವಿಕೆಯನ್ನಲ್ಲದೆ, ಮೂರಂಗುಲಕ್ಕಿಂತ ಹತ್ತಿರ ಬರುವುದನ್ನೂ ತಪ್ಪೆಂದು ಎಣಿಸುವಂತೆ ಹೇಳಿಕೊಡಬಹುದು. ಹೇಳದಿದ್ದರೆ ಅದು ತಾನಾಗಿ ಹೇಳದು. ಸಮಿತಿಯವರು ವಾಸ್ತುಶಿಲ್ಪಿಯನ್ನು ಈ ಪ್ರಶ್ನೆಯನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಅಷ್ಟು ಅನುಕೂಲವಿಲ್ಲದ ಸಣ್ಣ ಕಟ್ಟಡವಾದರೆ, ಸೀಲಿಂಗಿನ ಹಲಗೆ ಕೂರಿಸುವ ಮುಂಚಿನ ದಿನ ಇಬ್ಬರು ಸದಸ್ಯರು ಎಂಜಿನಿಯರರೊಡನೆ ಏಣಿ ಹತ್ತಿ ಪಟ್ಟಿ ಹಿಡಿದು ಅಳೆಯಲಿ, ಛಾಯಾಚಿತ್ರ ತೆಗೆದಿಡಲಿ. ಹಲಗೆ ಮುಚ್ಚಿದ ಮೇಲೆ ಒಳಗಿನದು ಮುಂದಿನ ದುರಸ್ತಿಯವರೆಗೆ ಯಾರ ಕಣ್ಣಿಗೂ ಬೀಳದು. ಸೀಲಿಂಗಿನ ಕೊನೆಯ ಕಂತಿನ ಹಣವನ್ನು ಈ ತಪಾಸಣೆಗೆ ಗಂಟು ಹಾಕುವುದು ನಮಗೆ ಉಚಿತವಾಗಿ ತೋರುತ್ತದೆ.

ಮನೆಗಳಲ್ಲಿ ನಡೆಯುವುದು ಬೇರೆ ಬಗೆ. ಹೊಸ ಫ್ಲಾಟು ಕೊಂಡವರು ಗೃಹಪ್ರವೇಶಕ್ಕೆ ಮುನ್ನ ಪಿ.ಓ.ಪಿ. ಸೀಲಿಂಗು ಮಾಡಿಸುತ್ತಾರೆ. ಕೆಲಸಗಾರನಿಗೆ ಹೆಡ್ಡು ಅಡ್ಡ ಬಂದರೆ ಅವನು ಅದನ್ನು ಸೀಲಿಂಗಿನ ಮೇಲೆಯೇ ಬಿಟ್ಟು ಮುಚ್ಚಿಬಿಡುತ್ತಾನೆ, ಇಲ್ಲವೇ ಅದರ ಮೈಗೆ ಹತ್ತುವಂತೆ ಗಾರೆ ಮೆತ್ತಿ ಬಣ್ಣ ಬಳಿಯುತ್ತಾನೆ. ಮುಚ್ಚಿದ ಹೆಡ್ಡಿಗೆ ಕೋಣೆಯ ಶಾಖ ತಲುಪದು, ನೀರೂ ಕೋಣೆಗೆ ಬಾರದು. ಬಣ್ಣ ಹತ್ತಿದ ಹೆಡ್ಡನ್ನು ಒರೆಸಿ ಉಳಿಸಿಕೊಳ್ಳುವಂತಿಲ್ಲ, ಬದಲಾಯಿಸಲೇಬೇಕು. ಇನ್ನು ನೆಲಮಾಳಿಗೆಯ ಕೊಳವೆಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟುವುದು, ಮದುವೆಯ ದಿನ ಮಂಟಪದ ಕೊಳವೆಗಳಿಗೆ ಹೂವಿನ ತೋರಣ, ದೀಪದ ಸರಗಳನ್ನು ಬಿಗಿಯುವುದು ಇವನ್ನು ಬಹಳ ಕಡೆ ಕಾಣುತ್ತೇವೆ. ಸ್ಪ್ರಿಂಕ್ಲರಿನ ಕೊಳವೆಗಾಗಲಿ ಅದನ್ನು ಹಿಡಿದ ಕೊಂಡಿಗಾಗಲಿ ಅನ್ಯ ವಸ್ತುವನ್ನು ತೂಗುಹಾಕಕೂಡದೆಂಬುದು ನಿಯಮ. ಡೆಕೋರೇಷನ್ ಮಾಡುವವರಿಗೆ ಬೇರೆ ಕೊಕ್ಕೆಗಳನ್ನು ಹಾಕಿಸಿಕೊಟ್ಟರೆ ಅವರು ಕೊಳವೆಯ ಗೊಡವೆಗೆ ಹೋಗುವುದಿಲ್ಲ.

ಈಗಾಗಲೇ ಇಕ್ಕಟ್ಟಿನಲ್ಲಿ ಕಟ್ಟಿ ಮುಗಿಸಿದ ಕಟ್ಟಡಗಳ ಗತಿಯೇನು? ೨೦೧೦ರ ಫೆಬ್ರವರಿ ೨೭ರಂದು ಚಿಲಿ ದೇಶದಲ್ಲಿ ೮.೮ ಪ್ರಮಾಣದ ಭೂಕಂಪವಾದಾಗ ರಾಜಧಾನಿ ಸಾಂಟಿಯಾಗೋದ ವಿಮಾನ ನಿಲ್ದಾಣದ ಕಟ್ಟಡ ನಿಂತೇ ಇತ್ತು. ಒಳಗಿನ ಸೀಲಿಂಗು, ಡಕ್ಟು, ಕೊಳವೆಗಳು ಹಾಳಾಗಿ ನೀರು ಹರಿದು ಪ್ರಯಾಣಿಕರಿಗೆ ಅದನ್ನು ಮುಚ್ಚಬೇಕಾಯಿತು. ಇಂಥ ಅನುಭವಗಳ ಫಲವಾಗಿ, ಗಡುಸಾದ ಇಳಿತುಂಡಿನ ಬದಲು ಸ್ಟೇನ್‌ಲೆಸ್ ಉಕ್ಕಿನ ಬಾಗುವ ಹೋಸ್ ಪೈಪನ್ನು ಬಳಸುವುದು ಹೆಚ್ಚಿದೆ. ಅದರ ಒಂದು ತುದಿ ಕೊಳವೆಗೆ, ಇನ್ನೊಂದು ತುದಿ ಪಟ್ಟಿಯ ಮೂಲಕ ಸೀಲಿಂಗಿನ ಚೌಕಟ್ಟಿಗೆ ಬಿಗಿಯಾಗಿರುತ್ತದೆ. ಸೀಲಿಂಗು ಓಲಾಡಿದರೆ ಹೆಡ್ಡೂ ಅದರೊಡನೆ ಓಲಾಡುತ್ತದೆ, ನಡುವಿನ ಹೋಸು ಬಾಗಿ ಪೆಟ್ಟನ್ನು ತಾಳಿಕೊಳ್ಳುತ್ತದೆ. ಆದ್ದರಿಂದಲೇ ಮೂರಂಗುಲದ ನಿಯಮದಿಂದ ಇದಕ್ಕೆ ವಿನಾಯಿತಿ ಕೊಡಲಾಗಿದೆ. ಆದರೆ ಅದನ್ನು ಅತಿಯಾಗಿ ತಿರುಚಿದರೆ ನೀರಿನ ಓಟ ಕುಗ್ಗುವುದರಿಂದ, ಎಷ್ಟು ಬಾಗು ಸಲ್ಲುತ್ತದೆಂಬ ತಯಾರಕರ ಮಿತಿಯನ್ನು ಮೀರಬಾರದು. ಬೆಲೆ ಕಬ್ಬಿಣದ ತುಂಡಿಗಿಂತ ಹೆಚ್ಚು. ದೀಪ ಬದಲಾಯಿಸಲೆಂದೋ ಸೋರಿಕೆ ಸರಿಪಡಿಸಲೆಂದೋ ಸೀಲಿಂಗನ್ನು ಹೇಗೂ ಬಿಚ್ಚಿಸುವ ಸಂದರ್ಭ ಬಂದಾಗ, ಡಕ್ಟಿಗೆ ಒತ್ತಿಕೊಂಡಿರುವ ಹೆಡ್ಡುಗಳಿಗಷ್ಟೇ ಇದನ್ನು ಹಾಕಿಸಿದರೆ ಖರ್ಚು ಹಗುರವಾಗುತ್ತದೆ. ಕೆಲಸ ಆರಂಭಿಸುವ ಮುನ್ನ ಆ ಅಂತಸ್ತಿನ ವಾಲ್ವನ್ನು ಮುಚ್ಚಿ ನೀರನ್ನು ಬರಿದು ಮಾಡಿಸಬೇಕು, ಮುಗಿದೊಡನೆ ಮರೆಯದೆ ಅದನ್ನು ಪುನಃ ತೆರೆಯಿಸಬೇಕು.